ಹುಸಿ ತೋಟಾದ ಹಿತ್ತಾಳೆ: ಎರಡು ವಾದಗಳ ಪರಿಶೀಲನೆ

ಮೈಸೂರು ದಸರೆಯ ಕುಶಾಲತೋಪಿನ ಸದ್ದನ್ನು ನೀವು ಕೇಳಿರುತ್ತೀರಿ. ಸರ್ಕಾರಿ ಗೌರವದೊಡನೆ ನಡೆಯುವ ಅಂತ್ಯಕ್ರಿಯೆಗಳಲ್ಲಿ ಪೊಲೀಸರು ಆಕಾಶಕ್ಕೆ ಕೋವಿ ಹಾರಿಸುವುದನ್ನು ನೋಡಿರುತ್ತೀರಿ. ಎರಡರಲ್ಲೂ ಸದ್ದಿದೆ, ಹೊಗೆಯಿದೆ, ಗುಂಡಿಲ್ಲ. ಕೋವಿಗಾಗಿ ಹೀಗೆ ಗುಂಡಿಲ್ಲದೆ ಮದ್ದನ್ನಷ್ಟೇ ತುಂಬಿದ ತೋಟಾವನ್ನು ಇಂಗ್ಲಿಷಿನಲ್ಲಿ ಬ್ಲ್ಯಾಂಕ್ ಎನ್ನುತ್ತಾರೆ. ನಾವು ಹುಸಿ ತೋಟಾ ಎನ್ನೋಣ. ಸೈನಿಕರ ತರಬೇತಿಯಲ್ಲಿ, ಸಿನಿಮಾ ಚಿತ್ರೀಕರಣದಲ್ಲಿ, ಗೌರವವಂದನೆಯಲ್ಲಿ ಇವು ಬಳಕೆಯಾಗುತ್ತವೆ. ಹಾರಿಸಿದ ಮೇಲೆ ಉಳಿಯುವುದು ಹಿತ್ತಾಳೆಯ ಒಂದು ಖಾಲಿ ಕವಚ.

ಅಮೆರಿಕದಲ್ಲಿ ಖಾಲಿ ಕವಚಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂಡಿಸಿ ಮತ್ತೆ ಬಳಸುವುದು ಬಹಳ ಜನರ ಹವ್ಯಾಸ. ಸೈನ್ಯ ಹಾರಿಸಿ ಬಿಸಾಡಿದ ಹಿತ್ತಾಳೆ ಅಲ್ಲಿ ತೂಕದ ಲೆಕ್ಕದಲ್ಲಿ ಮಾರಾಟವಾಗುವುದುಂಟು. ಹುಸಿ ತೋಟಾಗಳ ಕವಚಗಳು ಇನ್ನೂ ಅಗ್ಗ. ಇವನ್ನು ನಿಜವಾದ ತೋಟಾ ಮಾಡಲು ಬಳಸಬಹುದೇ ಎಂಬ ಪ್ರಶ್ನೆ ಅಲ್ಲಿ ಬಹುಕಾಲದಿಂದ ಚರ್ಚೆಯಲ್ಲಿದೆ. ಉತ್ತರಗಳು ಎರಡು. ಮೊದಲನೆಯದು: "ಗುಂಡಿಲ್ಲದ್ದರಿಂದ ಒತ್ತಡ ಕಡಿಮೆ, ಆದ್ದರಿಂದ ಈ ಹಿತ್ತಾಳೆ ದಣಿದಿಲ್ಲ, ಹೊಸದರ ಹಾಗೇ ಇದೆ." ಎರಡನೆಯದು: "ಹುಸಿ ತೋಟಾಕ್ಕೆ ಯಾರೂ ಒಳ್ಳೆಯ ಹಿತ್ತಾಳೆ ಹಾಕುವುದಿಲ್ಲ; ಅದು ಕಳಪೆ ಲೋಹ, ಎಸೆಯಿರಿ."

ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಹಾಗಾಗಿ ಈ ಪತ್ರಿಕೆಯ ಓದುಗರಿಗೆ ಇದು ಮಾಡಿನೋಡುವ ವಿಷಯವಲ್ಲ. ಹಾಗಿದ್ದೂ ಇದನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ಕಾರಣ, ಎರಡು ವಾದಗಳೂ ಪದಾರ್ಥವನ್ನು ಕುರಿತು ನಮ್ಮ ತರಗತಿಗಳಲ್ಲಿ ದಿನವೂ ನಡೆಯುವ ತಪ್ಪು ಯೋಚನೆಯ ಒಳ್ಳೆಯ ಮಾದರಿಗಳು. ತರಗತಿಯಲ್ಲಿ ತಪ್ಪಿದರೆ ಒಂದೆರಡು ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಸುಮಾರು 4000 ವಾತಾವರಣಗಳ ಒತ್ತಡದ ಬಿಸಿ ಅನಿಲ ಹಾರಿಸುವವನ ಮುಖದ ಹತ್ತಿರ ದಾರಿ ಹುಡುಕುತ್ತದೆ.

ಕವಚ ಮಾಡುವ ಕೆಲಸ

ಒಂದು ನಿರ್ದಿಷ್ಟ ತೋಟಾವನ್ನು ಮುಂದಿಟ್ಟುಕೊಳ್ಳೋಣ. ಅಮೆರಿಕದ ಸೈನ್ಯ 1906ರಲ್ಲಿ ಅಳವಡಿಸಿಕೊಂಡ 30-06 ಎಂಬುದು ಎರಡೂ ಮಹಾಯುದ್ಧಗಳಲ್ಲಿ ಬಳಕೆಯಾಯಿತು. ಕವಚದ ಉದ್ದ ಸುಮಾರು 63 ಮಿಲಿಮೀಟರ್, ಬುಡದ ವ್ಯಾಸ 12 ಮಿಲಿಮೀಟರ್. ಬುಡ ದಪ್ಪ, ಗಟ್ಟಿ. ಮೇಲೆ ಹೋದಂತೆ ಗೋಡೆ ತೆಳುವಾಗುತ್ತದೆ. ಹೆಗಲಿನಲ್ಲಿ ಕಿರಿದಾಗಿ ಕತ್ತು ಬರುತ್ತದೆ, ಕತ್ತಿನ ಬಾಯಿಯಲ್ಲಿ ಗುಂಡು ಕೂರುತ್ತದೆ. ಹಾರಿಸಿದಾಗ ಒಳಗಿನ ಗರಿಷ್ಠ ಒತ್ತಡಕ್ಕೆ ಅಲ್ಲಿನ ತಯಾರಕರು ಒಪ್ಪಿಕೊಂಡಿರುವ ಮಿತಿ ಸುಮಾರು 414 ಮೆಗಾಪಾಸ್ಕಲ್. ನಾವು ಲೆಕ್ಕಕ್ಕೆ 400 ಎಂದಿಟ್ಟುಕೊಳ್ಳಬಹುದು.

ಇಷ್ಟು ಒತ್ತಡವನ್ನು ಹಿತ್ತಾಳೆ ತಡೆಯುತ್ತದೆಯೇ? ತೆಳು ಗೋಡೆಯ ಕೊಳವೆಯ ಸೂತ್ರ ನಿಮಗೆ ಗೊತ್ತು: ಗೋಡೆಯಲ್ಲಿನ ಪೀಡನವೆಂದರೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸಿದ್ದು. ತ್ರಿಜ್ಯ 5.5 ಮಿಲಿಮೀಟರ್, ದಪ್ಪ ಅರ್ಧ ಮಿಲಿಮೀಟರ್ ಎಂದುಕೊಂಡರೆ 4400 ಮೆಗಾಪಾಸ್ಕಲ್ ಬರುತ್ತದೆ. ಗಡಸು ಹಿತ್ತಾಳೆ ತುಂಡಾಗಲು 500ರ ಆಸುಪಾಸು ಸಾಕು. ಅಂದರೆ ಕವಚ ತಾನಾಗಿ ಈ ಒತ್ತಡವನ್ನು ತಡೆಯಲಾರದು. ಬೇಕಾದ್ದರ ಎಂಟನೇ ಒಂದು ಪಾಲು ಶಕ್ತಿಯೂ ಅದಕ್ಕಿಲ್ಲ. ತಡೆಯುವುದು ಸುತ್ತಲಿನ ಉಕ್ಕಿನ ಗೂಡು. ಹಿತ್ತಾಳೆ ಹಿಗ್ಗಿ ಗೂಡಿನ ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಸೋರದಂತೆ ಮುಚ್ಚಳವಾಗುತ್ತದೆ. ಕವಚ ಒಂದು ಪಾತ್ರೆ ಎಂದು ತಿಳಿಯುವುದಕ್ಕಿಂತ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ಟಿನಂಥದು ಎಂದು ತಿಳಿಯುವುದು ಮೇಲು.

ಮುಚ್ಚಿಕೊಂಡರೆ ಸಾಲದು, ಮುಗಿದ ಮೇಲೆ ಬಿಟ್ಟುಕೊಡಬೇಕು. ಹಿಗ್ಗಿದ ಕವಚ ಗೂಡಿನಲ್ಲೇ ಕಚ್ಚಿಕೊಂಡರೆ ಹೊರಗೆಳೆಯುವುದು ಹೇಗೆ? ಇಲ್ಲಿ ಪಠ್ಯಪುಸ್ತಕದ ಸ್ಥಿತಿಸ್ಥಾಪಕತೆಯ ಅಧ್ಯಾಯ ಕೆಲಸಕ್ಕೆ ಬರುತ್ತದೆ. ಲೋಹವನ್ನು ಅದರ ಮಣಿಯುವ ಮಿತಿ ದಾಟಿ ಎಳೆದು ಬಿಟ್ಟರೆ ಅದು ಪೂರ್ತಿ ಹಿಂದಕ್ಕೆ ಬಾರದು, ಆದರೆ ಸ್ವಲ್ಪ ಬಂದೇ ಬರುತ್ತದೆ. ಎಷ್ಟು ಬರುತ್ತದೆ ಎಂಬುದು ಮಣಿಯುವ ಪೀಡನವನ್ನು ಯಂಗ್ ಗುಣಾಂಕದಿಂದ ಭಾಗಿಸಿದಷ್ಟು. ಗಡಸು ಹಿತ್ತಾಳೆಯ ಮಣಿಯುವ ಪೀಡನ ಸುಮಾರು 430 ಮೆಗಾಪಾಸ್ಕಲ್, ಯಂಗ್ ಗುಣಾಂಕ ಸುಮಾರು 1,10,000 ಮೆಗಾಪಾಸ್ಕಲ್. ಭಾಗಿಸಿದರೆ ಸಾವಿರಕ್ಕೆ 3.9. ಹನ್ನೆರಡು ಮಿಲಿಮೀಟರ್ ವ್ಯಾಸದಲ್ಲಿ ಇದು 0.047 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪಕ್ಕೂ ಕಡಿಮೆ. ಕವಚ ಹೊರಬರುವುದು ಈ ಅಂತರದ ದಯೆಯಿಂದ.

ಉಕ್ಕಿನ ಗೂಡು ಸುಮ್ಮನಿರುತ್ತದೆಯೇ? ಅದೂ ಹಿಗ್ಗುತ್ತದೆ. ಒಳವ್ಯಾಸ 12, ಹೊರವ್ಯಾಸ 30 ಮಿಲಿಮೀಟರ್ ಇರುವ ದಪ್ಪ ಗೋಡೆಯ ಉಕ್ಕಿನ ಕೊಳವೆಗೆ ಒಳಗಿನಿಂದ 400 ಮೆಗಾಪಾಸ್ಕಲ್ ಒತ್ತಡ ಕೊಟ್ಟರೆ ಒಳವ್ಯಾಸ ಸಾವಿರಕ್ಕೆ ಸುಮಾರು 3.4 ಪಾಲು ಹಿಗ್ಗುತ್ತದೆಂದು ಪದವಿ ತರಗತಿಯ ಸೂತ್ರದಿಂದ ಲೆಕ್ಕ ಹಾಕಬಹುದು. ಒತ್ತಡ ಇಳಿದೊಡನೆ ಉಕ್ಕು ಪೂರ್ತಿ ಹಿಂದಕ್ಕೆ ಬರುತ್ತದೆ. ಹಿತ್ತಾಳೆ ಅದಕ್ಕಿಂತ ಹೆಚ್ಚು ಹಿಂದಕ್ಕೆ ಬಂದರೆ ಮಾತ್ರ ಸಡಿಲ. 3.9ಕ್ಕೆ 3.4: ಹಿತ್ತಾಳೆ ಗೆಲ್ಲುತ್ತದೆ, ಕೂದಲೆಳೆಯಲ್ಲಿ. ಇದೇ ಹಿತ್ತಾಳೆ ಮೆತ್ತಗಾಗಿದ್ದರೆ ಮಣಿಯುವ ಪೀಡನ 100ರ ಸುತ್ತ. ಹಿಂದಕ್ಕೆ ಬರುವುದು ಸಾವಿರಕ್ಕೆ 0.9 ಮಾತ್ರ. ಉಕ್ಕು ಅದನ್ನು ಹಿಡಿದು ಹಿಂಡುತ್ತದೆ.

ಇಲ್ಲೊಂದು ಮಾತನ್ನು ಅಧ್ಯಾಪಕ ಮಿತ್ರರಿಗೆ ಹೇಳಬೇಕು. ಮೆತ್ತನೆಯ ಹಿತ್ತಾಳೆಗೂ ಗಡಸು ಹಿತ್ತಾಳೆಗೂ ಯಂಗ್ ಗುಣಾಂಕ ಹೆಚ್ಚುಕಡಿಮೆ ಒಂದೇ. ಮಣಿಯುವ ಮಿತಿ ಮಾತ್ರ ನಾಲ್ಕು ಪಟ್ಟು ಬೇರೆ. ನಮ್ಮ ಪಠ್ಯಗಳು ಗುಣಾಂಕದ ಕೋಷ್ಟಕ ಕೊಟ್ಟು ಸುಮ್ಮನಾಗುತ್ತವೆ. ಹಿತ್ತಾಳೆಗೆ ಎದುರಾಗಿ ಒಂದು ಸಂಖ್ಯೆ. ವಿದ್ಯಾರ್ಥಿ ಅದನ್ನೇ ಹಿತ್ತಾಳೆಯ "ಬಲ" ಎಂದು ಉರುಹಚ್ಚುತ್ತಾನೆ. ಬಲ ಪದಾರ್ಥದ ಹೆಸರಿನಲ್ಲಿಲ್ಲ, ಅದು ಪಟ್ಟ ಪಾಡಿನಲ್ಲಿದೆ ಎಂಬುದು ಆ ಕೋಷ್ಟಕದಿಂದ ಅವನಿಗೆ ಎಂದೂ ತಿಳಿಯದು.

ಲೋಹ ಪಟ್ಟ ಪಾಡು

ತೋಟಾದ ಹಿತ್ತಾಳೆಯಲ್ಲಿ 70 ಪಾಲು ತಾಮ್ರ, 30 ಪಾಲು ಸತು. ಈ ಪ್ರಮಾಣದಲ್ಲಿ ಸತುವಿನ ಪರಮಾಣುಗಳೆಲ್ಲ ತಾಮ್ರದ ಹರಳಿನೊಳಗೇ ಜಾಗ ಮಾಡಿಕೊಂಡು ಕೂರುತ್ತವೆ. ಬೇರೆ ಬಗೆಯ ಹರಳು ಹುಟ್ಟುವುದಿಲ್ಲ. ಹೀಗಾಗಿ ಇದು ತಣ್ಣಗಿರುವಾಗಲೇ ಬಹಳ ದೂರ ಎಳೆಸಿಕೊಳ್ಳುತ್ತದೆ. ಬಿಲ್ಲೆಯನ್ನು ಮೊದಲು ಬಟ್ಟಲು ಮಾಡಿ, ಬಟ್ಟಲನ್ನು ಅಚ್ಚುಗಳ ಮೂಲಕ ಹಂತಹಂತವಾಗಿ ಎಳೆದು ಉದ್ದನೆಯ ಕೊಳವೆ ಮಾಡುತ್ತಾರೆ. ಪ್ರತಿ ಎಳೆತದಲ್ಲೂ ಲೋಹ ಗಡಸಾಗುತ್ತದೆ. ಹರಳುಗಳಲ್ಲಿನ ಡಿಸ್‌ಲೊಕೇಶನ್ ಎಂಬ ಸಾಲುದೋಷಗಳು ಹೆಚ್ಚಿ ಒಂದಕ್ಕೊಂದು ಅಡ್ಡವಾಗುವುದೇ ಅದಕ್ಕೆ ಕಾರಣ. ಮುಂದಿನ ಎಳೆತಕ್ಕೆ ಮೊದಲು ಕಾಯಿಸಿ ಮೆತ್ತಗೆ ಮಾಡಬೇಕು. ನಾಗಮಂಗಲದ ಲೋಹದ ಕೆಲಸಗಾರರನ್ನಾಗಲಿ, ನಿಮ್ಮ ಊರಿನ ಕಂಚುಗಾರರನ್ನಾಗಲಿ ಕೇಳಿ. ತಟ್ಟುವುದು, ಕುಲುಮೆಗಿಡುವುದು, ಮತ್ತೆ ತಟ್ಟುವುದು ಅವರ ನಿತ್ಯದ ಕಸುಬು. ಕುಲುಮೆಗಿಡದೆ ತಟ್ಟುತ್ತಲೇ ಹೋದರೆ ಅಂಚು ಸೀಳುತ್ತದೆ.

ಇದನ್ನು ತರಗತಿಯಲ್ಲಿ ತೋರಿಸಲು ಮನೆಯ ವೈರಿಂಗಿನ ಒಂಟಿ ಎಳೆಯ ತಾಮ್ರದ ತಂತಿ ಸಾಕು. ಪ್ಲಾಸ್ಟಿಕ್ ಹೊದಿಕೆಯನ್ನು ಪೂರ್ತಿ ತೆಗೆದು, ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿ ಆರಿಸಿ. ಮೊದಲ ಸಲ ಬಾಗಿಸಿದಾಗ ಬೆಣ್ಣೆಯಂತೆ ಬಾಗುತ್ತದೆ. ನೇರ ಮಾಡಲು ಹೋದರೆ ಬಾಗಿದ್ದ ಜಾಗವನ್ನು ಬಿಟ್ಟು ಪಕ್ಕದಲ್ಲಿ ಬಾಗುತ್ತದೆ. ಆ ಜಾಗ ಆಗಲೇ ಗಡಸಾಯಿತಲ್ಲ! ಮತ್ತೆ ಕಾಯಿಸಿದರೆ ಮತ್ತೆ ಬೆಣ್ಣೆ.

ಕವಚದ ಜಾಣ್ಮೆ ಇರುವುದು ಇಲ್ಲಿ: ಅದು ಒಂದೇ ಲೋಹದ ಒಂದೇ ತುಂಡು, ಆದರೂ ಅದರ ಗಡಸುತನ ಎಲ್ಲ ಕಡೆ ಒಂದೇ ಅಲ್ಲ. ಬುಡವನ್ನು ತಣ್ಣಗೇ ಜಜ್ಜಿ ಗಡಸು ಮಾಡುತ್ತಾರೆ. ಕತ್ತನ್ನು ಕೊನೆಗೆ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಸೈನ್ಯದ ತೋಟಾಗಳ ಕತ್ತಿನ ಬಳಿ ಕಾಣುವ ನೀಲಿಗಂದು ಬಣ್ಣದ ಪಟ್ಟಿ ಈ ಕಾಯಿಸಿದ ಗುರುತು. ವಿಕರ್ಸ್ ಅಳತೆಯಲ್ಲಿ ಬುಡದ ಗಡಸುತನ 180ರ ಸುತ್ತ ಇದ್ದರೆ ಕತ್ತಿನದು ಅದರ ಅರ್ಧದಷ್ಟು ಇರುತ್ತದೆ.

ಬುಡ ಏಕೆ ಅಷ್ಟು ಗಡಸಾಗಬೇಕು? ಕವಚದ ಉಳಿದ ಭಾಗಕ್ಕೆಲ್ಲ ಉಕ್ಕಿನ ಆಸರೆಯಿದೆ. ಬುಡದ ಕೊನೆಯ ಸ್ವಲ್ಪ ಭಾಗ, ಹೊರಗೆಳೆಯುವ ಕೊಕ್ಕೆ ಹಿಡಿಯುವ ಗಾಡಿಯ ಬಳಿ, ಗೂಡಿನಿಂದ ಹೊರಗೆ ಇಣುಕುತ್ತದೆ. ಅಲ್ಲಿ ಹಿತ್ತಾಳೆ ಸ್ವಂತ ಬಲದಲ್ಲೇ ನಿಲ್ಲಬೇಕು. ಒಳಗಿನ ಬುಡದ ತ್ರಿಜ್ಯ 5 ಮಿಲಿಮೀಟರ್ ಎಂದರೆ ಅದರ ಮೇಲೆ ಬೀಳುವ ಬಲ ಸುಮಾರು 31,000 ನ್ಯೂಟನ್, ಮೂರು ಟನ್ ಭಾರಕ್ಕೆ ಸಮ. ಬುಡ ಮೆತ್ತಗಿದ್ದರೆ ಕೇಪಿನ ಕುಳಿ ಅಗಲವಾಗುತ್ತದೆ, ಕೇಪು ಕಳಚುತ್ತದೆ, ಅನಿಲ ಹಿಂದಕ್ಕೆ ನುಗ್ಗುತ್ತದೆ.

ಮೊದಲನೆಯ ವಾದ

ಈಗ "ಒತ್ತಡ ಕಡಿಮೆ, ಆದ್ದರಿಂದ ಹೊಸದರ ಹಾಗೆ" ಎಂಬ ವಾದಕ್ಕೆ ಬರೋಣ. ಇದರ ಅರ್ಧ ನಿಜ. ಗುಂಡಿನ ಅಡ್ಡಿಯಿಲ್ಲದ್ದರಿಂದ ಅನಿಲಕ್ಕೆ ಬಾಯಿ ಬೇಗ ತೆರೆಯುತ್ತದೆ, ಒತ್ತಡ ಪೂರ್ಣ ತೋಟಾದಷ್ಟು ಏರುವುದಿಲ್ಲ. (ಏರುವುದಿಲ್ಲ ಎಂದರೆ ನಿರಪಾಯ ಎಂದಲ್ಲ. 1984ರಲ್ಲಿ ಅಮೆರಿಕದ ನಟ ಜಾನ್ ಎರಿಕ್ ಹೆಕ್ಸಮ್ ಚಿತ್ರೀಕರಣದ ಬಿಡುವಿನಲ್ಲಿ ಹುಸಿ ತೋಟಾ ತುಂಬಿದ್ದ ಪಿಸ್ತೂಲನ್ನು ತಮಾಷೆಗೆಂದು ಹಣೆಯ ಪಕ್ಕಕ್ಕೆ ಒತ್ತಿ ಹಾರಿಸಿಕೊಂಡು ಜೀವ ಕಳೆದುಕೊಂಡರು.) ಹಾರಿಸುವಾಗ ಈ ಹಿತ್ತಾಳೆ ಹೆಚ್ಚು ಹಿಗ್ಗಿಲ್ಲ, ಬುಡ ದಣಿದಿಲ್ಲ. ಒಪ್ಪೋಣ.

ವಾದದ ದೋಷವೆಂದರೆ, ಹಿತ್ತಾಳೆಗೆ ಕಷ್ಟ ಬರುವುದು ಹಾರಿಸಿದಾಗ ಮಾತ್ರ ಎಂದು ಅದು ಮೊದಲೇ ನಂಬಿಬಿಟ್ಟಿದೆ. ಹುಸಿ ತೋಟಾದಲ್ಲಿ ಗುಂಡಿಲ್ಲ, ಮದ್ದು ಚೆಲ್ಲಬಾರದು; ಹಾಗಾಗಿ ಬಾಯಿ ಮುಚ್ಚಬೇಕು. 30-06ರ 1909ರ ಮಾದರಿಯಲ್ಲಿ ಕತ್ತಿನ ಸುತ್ತ ಒಂದು ಗಾಡಿ ಒತ್ತಿ, ಅದರ ಆಸರೆಯಲ್ಲಿ ಕಾಗದದ ಬಿಲ್ಲೆ ಕೂರಿಸಿ ಅರಗು ಬಳಿಯುತ್ತಿದ್ದರು. ಈಚಿನ 5.56 ಮಿಲಿಮೀಟರಿನ ಎಂ-200 ಮಾದರಿಯಲ್ಲಿ ಕತ್ತಿನ ಹಿತ್ತಾಳೆಯನ್ನೇ ಮೊಗ್ಗಿನ ಎಸಳುಗಳ ಹಾಗೆ ಒಳಕ್ಕೆ ಮಡಿಚಿ, ನೇರಳೆ ಬಣ್ಣದ ಅರಗಿನಿಂದ ಮುಚ್ಚುತ್ತಾರೆ. ಹಾರಿಸಿದಾಗ ಮೊಗ್ಗು ಅರಳುತ್ತದೆ. ಅರಳಿದ ಹಿತ್ತಾಳೆಯಲ್ಲಿ ಮಡಿಕೆಯ ಗೆರೆಗಳು ಉಳಿಯುತ್ತವೆ.

ನಮ್ಮ ತಾಮ್ರದ ತಂತಿಯನ್ನು ನೆನಪಿಸಿಕೊಳ್ಳಿ. ಮಡಿಕೆಯ ಗೆರೆ ಎಂದರೆ ಎರಡು ಬಾರಿ ಬಾಗಿದ ಜಾಗ: ಮುಚ್ಚುವಾಗ ಒಮ್ಮೆ, ತೆರೆಯುವಾಗ ಇನ್ನೊಮ್ಮೆ ವಿರುದ್ಧ ದಿಕ್ಕಿನಲ್ಲಿ. ಮೆತ್ತಗಿರಲಿ ಎಂದು ಕಾಯಿಸಿದ್ದ ಕತ್ತಿನಲ್ಲೇ ಈಗ ಗಡಸು ಗೆರೆಗಳು ಸಾಲಾಗಿ ನಿಂತಿವೆ. ಅದಕ್ಕೆ ಮತ್ತೆ ಗುಂಡು ಕೂರಿಸಲು ಹಿಗ್ಗಿಸಿದರೆ ಸೀಳುವುದು ಅಲ್ಲಿಂದಲೇ. ಒತ್ತಡ ಒಂದು ಸೊನ್ನೆಯಿದ್ದರೂ ಈ ಗೆರೆಗಳು ಇರುತ್ತಿದ್ದವು. ಗೆರೆಯ ಭಾಗವನ್ನು ಕತ್ತರಿಸಿ ತೆಗೆದರೆ ಕತ್ತು ಗಿಡ್ಡವಾಗಿ ಗುಂಡನ್ನು ಹಿಡಿಯುವ ಉದ್ದ ಉಳಿಯದೆ ಹೋಗಬಹುದು.

ಕಡಿಮೆ ಒತ್ತಡವೇ ತರುವ ಇನ್ನೊಂದು ತೊಡಕನ್ನು ನೋಡಿ. ಇದು ನನಗೆ ಬಹಳ ಮೆಚ್ಚುಗೆಯಾದ ಭಾಗ. ಕೇಪು ಸಿಡಿದಾಗ ಅದು ತನ್ನ ಕುಳಿಯಿಂದ ಹಿಂದಕ್ಕೆ ಸರಿಯಲು ನೋಡುತ್ತದೆ. ಪೂರ್ಣ ತೋಟಾದಲ್ಲಿ ಮರುಕ್ಷಣವೇ ಒತ್ತಡ ಏರಿ ಇಡೀ ಕವಚವನ್ನೇ ಹಿಂದಕ್ಕೆ ಒತ್ತಿ ಕೇಪನ್ನು ಮತ್ತೆ ಕುಳಿಯೊಳಗೆ ಕೂರಿಸುತ್ತದೆ. ಒತ್ತಡ ತೀರ ಕಡಿಮೆಯಾದಾಗ ಹಾಗಾಗದೆ ಕೇಪು ಹೊರಚಾಚಿಯೇ ಉಳಿದು ಕೋವಿಯ ಚಲನೆಗೆ ತಡೆಯಾಗುತ್ತದೆ. ಮೇಣದ ಗುಂಡನ್ನು ಬರೀ ಕೇಪಿನ ಬಲದಿಂದ ಹಾರಿಸಿ ಅಭ್ಯಾಸ ಮಾಡುವವರು ಇದಕ್ಕೆ ಕಂಡುಕೊಂಡ ಉಪಾಯ, ಕೇಪಿನ ಕಿಡಿ ಒಳಹೋಗುವ ರಂಧ್ರವನ್ನು ದೊಡ್ಡದು ಮಾಡುವುದು. ಕಡಿಮೆ ಒತ್ತಡಕ್ಕೆ ಅದು ಸರಿಯಾದ ಉಪಾಯ. ಅದೇ ಕವಚಕ್ಕೆ ಪೂರ್ಣ ಮದ್ದು ತುಂಬಿದರೆ ದೊಡ್ಡ ರಂಧ್ರದ ಮೂಲಕ 400 ಮೆಗಾಪಾಸ್ಕಲ್ ನೇರವಾಗಿ ಕೇಪಿನ ತೆಳು ಬಟ್ಟಲಿನ ಮೇಲೆರಗುತ್ತದೆ. ಹೊರಗಿನಿಂದ ನೋಡಿದರೆ ಎರಡು ಕವಚಗಳಿಗೂ ವ್ಯತ್ಯಾಸವೇ ಕಾಣದು. "ಕಡಿಮೆ ಒತ್ತಡದಲ್ಲಿ ಬಳಸಿದ್ದು" ಎಂಬ ಮಾತನ್ನೇ ಮೊದಲನೆಯ ವಾದ ಪ್ರಮಾಣಪತ್ರವೆಂದು ತೋರಿಸುತ್ತದೆ. ಅದನ್ನು ಎಚ್ಚರಿಕೆಯ ಫಲಕವೆಂದೂ ಓದಬೇಕಾಗುತ್ತದೆ.

ಎರಡನೆಯ ವಾದ

"ಕಳಪೆ ಹಿತ್ತಾಳೆ" ಎಂಬುದಕ್ಕೆ ಆಧಾರ ಇನ್ನೂ ದುರ್ಬಲ. ಹುಸಿ ತೋಟಾಕ್ಕೆಂದು ತಾಮ್ರ ಸತುವಿನ ಪ್ರಮಾಣ ಬದಲಿಸಿ ಬೇರೆ ಲೋಹ ಎರಕ ಹೊಯ್ಯುವುದು ಕಾರ್ಖಾನೆಗೆ ಲಾಭವಲ್ಲ. ಅದೇ ಅಚ್ಚು, ಅದೇ ಯಂತ್ರ, ಅದೇ 70:30 ಹಿತ್ತಾಳೆಯ ಬಿಲ್ಲೆ ಬಳಸುವುದೇ ಸುಲಭ. ಇದನ್ನು ಹೇಳುವವರು ನಿಜವಾಗಿ ಹೇಳಬೇಕಾದ ಮಾತು ಬೇರೆ. ಕಾರ್ಖಾನೆಯ ಪರೀಕ್ಷಕ ಒಂದು ಕವಚವನ್ನು ಒಪ್ಪುವುದು ಅದರ ಉದ್ದೇಶಕ್ಕೆ ತಕ್ಕ ಹಾಗೆ. ಹುಸಿ ತೋಟಾದ ಬುಡ 400 ಮೆಗಾಪಾಸ್ಕಲ್ ತಡೆಯುತ್ತದೆಯೇ ಎಂದು ಯಾರೂ ಕೇಳಬೇಕಾಗಿಲ್ಲ. ಕೇಳದ ಪ್ರಶ್ನೆಗೆ ಉತ್ತರವಿರುವುದಿಲ್ಲ. ಕವಚ ಪೂರ್ಣ ಒತ್ತಡಕ್ಕೂ ಚೆನ್ನಾಗಿಯೇ ಇರಬಹುದು, ಇಲ್ಲದೆಯೂ ಇರಬಹುದು. "ಕಳಪೆ ಎಂದು ಗೊತ್ತಿದೆ" ಮತ್ತು "ಒಳ್ಳೆಯದೆಂದು ಗೊತ್ತಿಲ್ಲ" ಎಂಬ ಎರಡರ ನಡುವೆ ಬಹಳ ಅಂತರವಿದೆ. ಪ್ರಯೋಗದ ದಾಖಲೆ ಪುಸ್ತಕದಲ್ಲಿ ಈ ಎರಡನ್ನು ಕಲಸಿದ ವಿದ್ಯಾರ್ಥಿಗೆ ನಾವು ಅಂಕ ಕಳೆಯುತ್ತೇವೆ ತಾನೆ?

ಮಳೆಗಾಲದ ಬಿರುಕು

ಎರಡೂ ವಾದಗಳು ಮರೆತಿರುವ ಒಂದು ಸಂಗತಿ ನಮ್ಮ ನೆಲದಲ್ಲೇ ಬೆಳಕಿಗೆ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟಾಗಳು ಮಳೆಗಾಲದಲ್ಲಿ ಇಟ್ಟಲ್ಲೇ ಬಿರುಕು ಬಿಡುತ್ತಿದ್ದವು. ಯಾರೂ ಹಾರಿಸಿರಲಿಲ್ಲ, ಬೀಳಿಸಿರಲಿಲ್ಲ. ಮಳೆಯ ದಿನಗಳಲ್ಲಿ ಕುದುರೆ ಲಾಯಗಳನ್ನು ತೋಟಾ ಇಡಲು ಬಳಸುತ್ತಿದ್ದರು. ಕುದುರೆಗಳ ಗಂಜಲದಿಂದ ಹೊರಡುವ ಅಮೋನಿಯ, ಮಳೆಗಾಲದ ತೇವ, ಹಿತ್ತಾಳೆ ಇವು ಕೂಡಿದಾಗ ಈ ಬಿರುಕು ಹುಟ್ಟುತ್ತಿತ್ತು. ಇದಕ್ಕೆ ಸೀಸನ್ ಕ್ರ್ಯಾಕಿಂಗ್ ಎಂಬ ಹೆಸರು ಬಿತ್ತು. ಕಾರಣವನ್ನು ಕ್ರಮವಾಗಿ ಬಿಡಿಸಿಟ್ಟವರು ಇಂಗ್ಲೆಂಡಿನ ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್, 1921ರಲ್ಲಿ.

ಈ ಕಥೆಯನ್ನು ಲೋಹಶಾಸ್ತ್ರದ ಪುಸ್ತಕಗಳು ಕುದುರೆಯ ಗಂಜಲದ ತಮಾಷೆಯಾಗಿ ಹೇಳಿ ಮುಗಿಸುತ್ತವೆ. ಅದಕ್ಕೆ ನನ್ನ ಆಕ್ಷೇಪವಿದೆ. ಅಮೋನಿಯವೊಂದೇ ಕಾರಣವಾಗಿದ್ದರೆ ಕವಚದ ಮೈಯೆಲ್ಲ ಬಿರುಕಾಗಬೇಕಿತ್ತು. ಬಿರುಕು ಬಿಡುತ್ತಿದ್ದದ್ದು ಮುಖ್ಯವಾಗಿ ಗುಂಡನ್ನು ಹಿಡಿಯಲೆಂದು ಕತ್ತನ್ನು ಬಿಗಿಯಾಗಿ ಒತ್ತಿದ ಜಾಗದಲ್ಲಿ. ತಣ್ಣಗೆ ಒತ್ತಿ ಬಾಗಿಸಿದ ಲೋಹದೊಳಗೆ ಹೊರಗಿನ ಬಲ ತೆಗೆದ ಮೇಲೂ ಒಂದು ಭಾಗ ಇನ್ನೊಂದನ್ನು ಎಳೆಯುತ್ತಲೇ ಇರುತ್ತದೆ. ಇದು ಉಳಿಕೆ ಪೀಡನ. ಬಿರುಕಿಗೆ ಮೂರೂ ಬೇಕು: ಎಳೆತದ ಪೀಡನ, ಅಮೋನಿಯ, ತೇವ. ಒಂದನ್ನು ತೆಗೆದರೂ ಬಿರುಕಿಲ್ಲ. ಪರಿಹಾರವೂ ಇದನ್ನೇ ಹೇಳುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಹದವಾಗಿ ಕಾಯಿಸಿದರೆ ಗಡಸುತನ ಹೆಚ್ಚು ಕಳೆಯದೆ ಉಳಿಕೆ ಪೀಡನ ಇಳಿಯುತ್ತದೆ. ಕುದುರೆಯನ್ನು ಓಡಿಸಬೇಕಾಗಿಲ್ಲ.

ಹುಸಿ ತೋಟಾದ ಎಸಳುಮಡಿಕೆ ಇಂಥ ಪೀಡನಕ್ಕೆ ಹೇಳಿ ಮಾಡಿಸಿದ ಜಾಗ. ಆ ಕವಚ ಹಾರಿಸಿದ ಮೇಲೆ ಎಲ್ಲಿ ಬಿದ್ದಿತ್ತು, ಎಷ್ಟು ಮಳೆ ಕಂಡಿತು, ಗೊಬ್ಬರ ಹಾಕಿದ ಹೊಲದಲ್ಲಿತ್ತೇ, ಅಮೋನಿಯ ಬೆರೆತ ಪಾಲಿಶಿನಿಂದ ಯಾರಾದರೂ ಉಜ್ಜಿದರೇ ಎಂಬುದು ಮೂಟೆ ಕೊಂಡವನಿಗೆ ತಿಳಿಯದು. ಮನೆಯಲ್ಲಿ ಹಿತ್ತಾಳೆ ಚೊಂಬನ್ನು ಹುಣಸೆಹುಳಿಯಿಂದ ತಿಕ್ಕುವ ನಮ್ಮ ಪದ್ಧತಿ ಈ ಮಟ್ಟಿಗೆ ಹೆಚ್ಚು ಸುರಕ್ಷಿತ.

ಹಳೆಯ ತೋಟಾಗಳಲ್ಲಿ ಪಾದರಸದ ಕಾಟವೂ ಇತ್ತು. ಅಂದಿನ ಕೇಪುಗಳಲ್ಲಿ ಪಾದರಸದ ಫಲ್ಮಿನೇಟ್ ಇರುತ್ತಿತ್ತು. ಸಿಡಿದಾಗ ಬಿಡುಗಡೆಯಾದ ಪಾದರಸ ಹಿತ್ತಾಳೆಯ ಹರಳುಗಳ ಅಂಚಿಗೆ ಇಳಿದು ಅದನ್ನು ಪೆಡಸು ಮಾಡುತ್ತಿತ್ತು. ಕರಿಮದ್ದಿನ ಕಾಲದಲ್ಲಿ ದಪ್ಪನೆಯ ಮಸಿ ಪಾದರಸವನ್ನು ಹಂಚಿಕೊಂಡು ಕವಚವನ್ನು ಸ್ವಲ್ಪ ಕಾಪಾಡುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದಾಗ ಆ ರಕ್ಷಣೆ ಹೋಯಿತು. ವಿಚಿತ್ರವೆಂದರೆ ಇದೇ ಪಾದರಸವನ್ನು ಲೋಹಶಾಸ್ತ್ರಜ್ಞರು ಪತ್ತೇದಾರನಾಗಿಯೂ ದುಡಿಸಿಕೊಂಡರು. ಉಳಿಕೆ ಪೀಡನವಿರುವ ಹಿತ್ತಾಳೆಯನ್ನು ಮರ್ಕ್ಯೂರಸ್ ನೈಟ್ರೇಟ್ ದ್ರಾವಣದಲ್ಲಿ ಮುಳುಗಿಸಿದರೆ ಬೇಗನೆ ಬಿರುಕು ಕಾಣಿಸಿಕೊಳ್ಳುತ್ತದೆ. ಇದು ತುಂಬ ವಿಷಕಾರಿ ದ್ರಾವಣ. ಶಾಲೆಯಲ್ಲಿ ಖಂಡಿತ ಬೇಡ.

ಕಾಯಿಸಿದರೆ ಸರಿಹೋಗುವುದೇ?

ಬಲ್ಲವರೊಬ್ಬರು ಇಲ್ಲಿ ಹೇಳಬಹುದು: ಮಡಿಕೆಯ ಗಡಸು, ಉಳಿಕೆ ಪೀಡನ ಎರಡಕ್ಕೂ ಬೆಂಕಿಯೇ ಮದ್ದಲ್ಲವೆ? ಕತ್ತಿಗೆ ಹೌದು. ಬಿಸಿ ಕತ್ತಿನಲ್ಲಿ ನಿಲ್ಲುವುದಿಲ್ಲ ಎಂಬುದೇ ತೊಂದರೆ. ಹಿತ್ತಾಳೆಯ ಉಷ್ಣವಾಹಕತೆ, ಸಾಂದ್ರತೆ, ವಿಶಿಷ್ಟೋಷ್ಣಗಳಿಂದ ಲೆಕ್ಕ ಹಾಕಿದರೆ ಐದು ಸೆಕೆಂಡಿನಲ್ಲಿ ಬಿಸಿ ಸುಮಾರು 14 ಮಿಲಿಮೀಟರ್ ಹರಡುತ್ತದೆ. ಹರಡುವ ದೂರ ಕಾಲದ ವರ್ಗಮೂಲದಂತೆ ಹೆಚ್ಚುವುದರಿಂದ 63 ಮಿಲಿಮೀಟರ್ ದಾಟಿ ಬುಡ ಮುಟ್ಟಲು ಸುಮಾರು 100 ಸೆಕೆಂಡು. ಕತ್ತು ಮೆತ್ತಗಾಗಲಿ ಎಂದು ಜ್ವಾಲೆಯಲ್ಲಿ ಹೆಚ್ಚು ಹೊತ್ತು ಹಿಡಿದರೆ ಬುಡವೂ ಮೆತ್ತಗಾಗತೊಡಗುತ್ತದೆ. ಹಾಗೆ ಮೆತ್ತಗಾದ ಬುಡವನ್ನು ಕಣ್ಣಿನಿಂದ ಗುರುತಿಸುವುದು ಸಾಧ್ಯವಿಲ್ಲ, ಮನೆಯಲ್ಲಿ ಮತ್ತೆ ಗಡಸು ಮಾಡುವ ದಾರಿಯಂತೂ ಇಲ್ಲ. ಗಡಸುತನ ಬಂದದ್ದು ಕಾರ್ಖಾನೆಯ ಒತ್ತುಯಂತ್ರದ ಏಟಿನಿಂದ. ಹಿತ್ತಾಳೆಯನ್ನು ಉಕ್ಕಿನಂತೆ ಕಾಯಿಸಿ ನೀರಿಗದ್ದಿ ಗಡಸು ಮಾಡಲಾಗದು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಕತ್ತಿನ ತಕರಾರನ್ನು ಬುಡಸಮೇತ ತಪ್ಪಿಸುವ ಒಂದು ದಾರಿಯಿದೆ. 2011ರಲ್ಲಿ ಅಮೆರಿಕದ ತಯಾರಕರ ಸಂಸ್ಥೆ 300 ಬ್ಲ್ಯಾಕ್‌ಔಟ್ ಎಂಬ ತೋಟಾವನ್ನು ಮಾನ್ಯ ಮಾಡಿತು. ಇದರ ಕವಚ 5.56ರ ಕವಚಕ್ಕಿಂತ ಸುಮಾರು 10 ಮಿಲಿಮೀಟರ್ ಗಿಡ್ಡ. ಎಸಳುಮಡಿಕೆಯಿದ್ದ ಕತ್ತು, ಹೆಗಲು ಎಲ್ಲವನ್ನೂ ಕತ್ತರಿಸಿ ಉಳಿದ ಒಡಲಿನಲ್ಲೇ ಹೊಸ ಕತ್ತು ಮಾಡುವುದರಿಂದ ಹುಸಿ ತೋಟಾಗಳ ಹಿತ್ತಾಳೆಗೆ ಅಲ್ಲಿ ಬೇಡಿಕೆ ಹುಟ್ಟಿತು. ಮೊದಲನೆಯ ವಾದಕ್ಕೆ ನಾನು ಎತ್ತಿದ ಆಕ್ಷೇಪಗಳಲ್ಲಿ ಮಡಿಕೆಯ ಗೆರೆ, ಗಿಡ್ಡ ಕತ್ತು ಎರಡೂ ಇಲ್ಲಿ ಬಿದ್ದುಹೋಗುತ್ತವೆ ಎಂದು ಒಪ್ಪಬೇಕು. ಬುಡದ ಪ್ರಶ್ನೆ ಮಾತ್ರ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ಬುಡವನ್ನು ತಿಳಿಯುವುದು ಹೇಗೆ? ಕೆಲವರು ತೂಗಿ ನೋಡುತ್ತಾರೆ. ತೂಕ ಒಟ್ಟು ಎಷ್ಟು ಹಿತ್ತಾಳೆಯಿದೆ ಎಂದು ಹೇಳುತ್ತದೆ; ಅದು ಬುಡದಲ್ಲಿದೆಯೋ ಗೋಡೆಯಲ್ಲಿದೆಯೋ ಎಂದು ಹೇಳುವುದಿಲ್ಲ, ಗಡಸೋ ಮೆತ್ತಗೋ ಎಂದಂತೂ ಹೇಳುವುದೇ ಇಲ್ಲ. ಇನ್ನು ಕೆಲವರು ಬುಡದ ಮೇಲಿನ ಮುದ್ರೆ ಓದುತ್ತಾರೆ. ಎಲ್‌ಸಿ ಎಂದಿದ್ದರೆ ಮಿಸೌರಿಯ ಲೇಕ್ ಸಿಟಿ ಕಾರ್ಖಾನೆ, ಪಕ್ಕದ ಅಂಕಿ ತಯಾರಾದ ವರ್ಷ. ಯಾರು ಮಾಡಿದರು, ಯಾವಾಗ ಮಾಡಿದರು ಎಂಬುದು ಇದರಿಂದ ತಿಳಿಯುತ್ತದೆ. ಆಮೇಲೆ ಯಾರು ರಂಧ್ರ ಕೊರೆದರು, ಯಾರು ಕಾಯಿಸಿದರು ಎಂಬುದು ಮುದ್ರೆಯಲ್ಲಿ ಇರುವುದಿಲ್ಲ.

ಕೊನೆಗೆ ಉಳಿಯುವುದು ಕವಚವನ್ನು ಉದ್ದಕ್ಕೆ ಸೀಳಿ, ನಯಮಾಡಿ, ವಜ್ರದ ಮೊನೆಯಿಂದ ಒತ್ತಿ ಗಡಸುತನ ಅಳೆಯುವ ವಿಧಾನ. ಅಳೆದ ಕವಚ ಮತ್ತೆ ಬಳಕೆಗೆ ಬಾರದು. ಆದ್ದರಿಂದ ಕೆಲವನ್ನು ಸೀಳಿ ಉಳಿದವುಗಳ ಬಗ್ಗೆ ಊಹಿಸಬೇಕು. ಒಂದೇ ಕಾರ್ಖಾನೆಯ ಒಂದೇ ಕಂತಿನಲ್ಲಿ ತಯಾರಾಗಿ, ಮೊಹರು ಮಾಡಿದ ಪೆಟ್ಟಿಗೆಯಿಂದಲೇ ಹೊರಬಂದು, ಎಲ್ಲಿ ಹಾರಿತೆಂದು ಗೊತ್ತಿರುವ ಕವಚಗಳಾದರೆ ಹತ್ತನ್ನು ಸೀಳಿ ನೂರರ ಬಗ್ಗೆ ಮಾತನಾಡಬಹುದು. ಆಗ ನಾನು ಮೊದಲನೆಯ ವಾದದವರ ಪಕ್ಕದಲ್ಲಿ ಕೂರಲು ಸಿದ್ಧ. ತೂಕಕ್ಕೆ ಕೊಂಡ ಕಲಬೆರಕೆ ಮೂಟೆಯಿಂದ ಹತ್ತನ್ನು ಸೀಳಿದರೆ ಗೊತ್ತಾಗುವುದು ಆ ಹತ್ತರ ವಿಷಯ ಮಾತ್ರ, ಅವು ಈಗಾಗಲೇ ಗುಜರಿಯಾಗಿವೆ.